ನಮ್ಮ ಬಟ್ಟೆ ಒಗೆದವರು ಯಾರು?

ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ನಾವು ಬಟ್ಟೆ ಒಗೆಯಲು ಕೂರುತ್ತೇವೆ. ದೊಡ್ಡಬಳ್ಳಾಪುರದ ಹೊರವಲಯದಲ್ಲಿ ನಾಲ್ಕಂತಸ್ತಿನ ಒಂದು ಅಪಾರ್ಟ್‌ಮೆಂಟು. ಅದರ ಮೂರನೇ ಮಹಡಿಯಲ್ಲಿ ಒಂದು ರೂಮು, ಒಂದು ಅಡುಗೆ ಗೂಡು, ಒಂದು ಬಚ್ಚಲು. ಇರುವುದು ಒಂದೇ ಜೀವ. ಶನಿವಾರ ರಾತ್ರಿಯೇ ಬಕೆಟ್ಟಿನಲ್ಲಿ ಸೋಪಿನ ಪುಡಿ ಕಲಸಿ ನೆನೆಹಾಕಿದ ಬಟ್ಟೆ ಬೆಳಗಾಗುವ ಹೊತ್ತಿಗೆ ಒಂದು ಥರದ ಹುಳಿವಾಸನೆ ಬಿಟ್ಟಿರುತ್ತದೆ. ಐದು ಅಂಗಿ, ಎರಡು ಪ್ಯಾಂಟು, ಬನಿಯನ್ನು, ಚಡ್ಡಿ, ಒಂದು ಟವಲು, ಹದಿನೈದು ದಿನಕ್ಕೊಮ್ಮೆ ಒಂದು ದುಪ್ಪಟಿ. ಕಾಲರಿಗೆ ಬ್ರಷ್ಷು ಹಾಕಿ ಉಜ್ಜುತ್ತೇವೆ. ನಲ್ಲಿ ತಿರುಗಿಸುತ್ತೇವೆ. ಬಕೆಟ್ಟು ತುಂಬುವವರೆಗೂ ಅದನ್ನೇ ನೋಡುತ್ತಾ ನಿಲ್ಲುತ್ತೇವೆ. ನೀರು ನಿಂತು ಹೋದೀತೋ, ಯಾರಾದರೂ ಬಂದು 'ಸರೀಲಾ ಅತ್ಲಾಗೆ' ಅಂದಾರೋ ಎಂಬ ಅಂಜಿಕೆ ಮೈಯೊಳಗೆ ಎಲ್ಲೋ ಕೂತಿದೆ. ನಮಗೆ ಯಾರೂ ಹಾಗೆ ಅಂದಿಲ್ಲ. ನಮ್ಮ ಅಜ್ಜಿಗೆ ಅಂದಿದ್ದರು.

ನಾವು ಎಂದು ಬರೆಯುತ್ತಿರುವುದು ದೊಡ್ಡಸ್ತಿಕೆಗೆ ಅಲ್ಲ. ಸಾಸಲು ಹೋಬಳಿಯ ಕೇರಿಗಳಿಂದ, ಅಂಥವೇ ಸಾವಿರ ಕೇರಿಗಳಿಂದ ಡಿಗ್ರಿ ಓದಿ ಬಂದು, ಮನೆತನದಲ್ಲೇ ಮೊದಲ ಸಲ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡು ಒಂಟಿಯಾಗಿ ಮಲಗುವ ಹುಡುಗ ಹುಡುಗಿಯರು ಇವತ್ತು ಬಹಳ ಜನ ಇದ್ದಾರೆ. ಭಾನುವಾರ ಅವರೆಲ್ಲರೂ ಬಟ್ಟೆ ಒಗೆಯುತ್ತಾರೆ. ಇದೇನು ಚರಿತ್ರೆಯೇ ಎಂದು ಗೆಳೆಯರೊಬ್ಬರು ನಕ್ಕರು. ಚರಿತ್ರೆ ಹೌದೋ ಅಲ್ಲವೋ ನೋಡೋಣ. ರಾಜರು ಉಟ್ಟ ಪೀತಾಂಬರದ ಬಗ್ಗೆ ನಮ್ಮ ಪಠ್ಯಪುಸ್ತಕದಲ್ಲಿ ಪಾಠ ಇತ್ತು. ಅದನ್ನು ಯಾರು ಒಗೆದರು, ಯಾವ ನೀರಲ್ಲಿ ಒಗೆದರು, ಒಗೆದವನ ಬಟ್ಟೆಯನ್ನು ಯಾರು ಒಗೆದರು ಎಂಬುದು ಇರಲಿಲ್ಲ. ಪರೀಕ್ಷೆಗೆ ಬಾರದ ಪ್ರಶ್ನೆ ಅದು.

ಮೊದಲು ಮಾತಿನಿಂದಲೇ ಹೊರಡೋಣ. ಕನ್ನಡದಲ್ಲಿ 'ಒಗೆ' ಅಂದರೆ ಎಸೆ ಅಂತಲೂ ಅರ್ಥ. ಉತ್ತರ ಕರ್ನಾಟಕದವರು ಕಲ್ಲು ಒಗೆಯುತ್ತಾರೆ, ನಾವು ಬಟ್ಟೆ ಒಗೆಯುತ್ತೇವೆ. ಬಟ್ಟೆಯನ್ನು ತಲೆಮೇಲೆ ಎತ್ತಿ ಬಂಡೆಗೆ ಬೀಸಿ ಹೊಡೆದ ತೋಳಿನ ನೆನಪು ಆ ಮಾತಲ್ಲಿದೆ. ಇದು ಕೆಲಸ ಮಾಡುವವರ ಮಾತು. ಅದರ ಪಕ್ಕದಲ್ಲೇ ಇನ್ನೊಂದು ಮಾತಿದೆ, 'ಮಡಿ'. ಒಗೆದ ಬಟ್ಟೆ ಮಡಿ, ಒಗೆಯುವವನು ಮಡಿವಾಳ. ಆದರೆ ಅಗ್ರಹಾರದ ಮಡಿಯೇ ಬೇರೆ. ಮಡಿವಾಳ ಒಗೆದು ತಂದ ಪಂಚೆ ಎಷ್ಟೇ ಬೆಳ್ಳಗಿರಲಿ, ಪೂಜೆಗೆ ಕೂರುವವನಿಗೆ ಅದು ಮೈಲಿಗೆ. ಮತ್ತೆ ನೀರಲ್ಲಿ ಅದ್ದಿ, ಯಾರ ಕೈಗೂ ಸಿಗದ ಹಾಗೆ ಗಳದ ಮೇಲೆ ಕೋಲಿನಿಂದ ಹರವಿ ಒಣಗಿಸಿದ ಮೇಲೇ ಅದು ಮಡಿ ಆಗುವುದು. ಕೊಳೆ ತೆಗೆದವನ ಕೈಯೇ ಕೊಳೆ ಎಂದ ಹಾಗಾಯಿತು. ಇಲ್ಲಿ ಮಡಿಗೂ ಸೋಪಿಗೂ ಸಂಬಂಧವೇ ಇಲ್ಲ. ಯಾರು ಮುಟ್ಟಿದರು ಎಂಬುದೊಂದೇ ಲೆಕ್ಕ.

ನಮ್ಮ ಜಾತಿಯ ಹೆಸರಿನ ವಿಷಯಕ್ಕೆ ಬಂದರೂ ಇದೇ ಕಥೆ. 'ಹೊಲೆ' ಎಂದರೆ ಮೈಲಿಗೆ, ಮುಟ್ಟು, ಸೂತಕ ಎಂದು ನಿಘಂಟುಗಳು ಅರ್ಥ ಬರೆದವು. ಹೊಲದವನು ಹೊಲೆಯ, ನೆಲಕ್ಕೆ ಸೇರಿದವನು ಎಂದು ಹೇಳಿದ ವಿದ್ವಾಂಸರೂ ಇದ್ದಾರೆ. ಎರಡರಲ್ಲಿ ಯಾವುದು ಸರಿ ಎಂಬ ವಾದ ಹಳೆಯದು. ನಮಗೆ ಎರಡನೆಯದು ಇಷ್ಟ. ಆದರೆ ಇಷ್ಟವಾದದ್ದೇ ನಿಜವಾಗಬೇಕೆಂದಿಲ್ಲ, ಅದನ್ನು ಅಲ್ಲಿಗೆ ಬಿಡೋಣ.

ಇನ್ನು ಊರಿಗೆ ಬರೋಣ. ಹಳೇ ಮೈಸೂರಿನ ಹಳ್ಳಿಗಳಲ್ಲಿ ಆಯಗಾರರು ಎಂಬ ವ್ಯವಸ್ಥೆ ಇತ್ತು. ಗೌಡ, ಶಾನುಭೋಗ, ಬಡಗಿ, ಕಮ್ಮಾರ, ಕುಂಬಾರ, ಅಗಸ, ಕ್ಷೌರಿಕ, ತಳವಾರ, ತೋಟಿ, ನೀರಗಂಟಿ ಹೀಗೆ ಹನ್ನೆರಡು ಮಂದಿ ಎಂದು ಲೆಕ್ಕ. ಯಾರಿಗೂ ತಿಂಗಳ ಸಂಬಳ ಇಲ್ಲ. ಕಣದಲ್ಲಿ ರಾಶಿ ಆದಾಗ ರಾಗಿ, ಹುಲ್ಲು, ಹಬ್ಬದಲ್ಲಿ ಅನ್ನ. ಕೆಲವರಿಗೆ ತುಂಡು ಇನಾಮು ಜಮೀನು. ಅಗಸ ಊರವರ ಬಟ್ಟೆ ಒಗೆಯಬೇಕು. ದೇವರ ಉತ್ಸವಕ್ಕೆ ನಡೆಮಡಿ ಹಾಸಬೇಕು, ಪಂಜು ಹಿಡಿಯಬೇಕು. ಮೈನೆರೆದ ಹುಡುಗಿಯ ಬಟ್ಟೆ, ಬಾಣಂತಿಯ ಬಟ್ಟೆ, ಹೆಣ ಹೊರಟ ಮನೆಯ ಬಟ್ಟೆ, ಊರಿನ ರಕ್ತ ಊರಿನ ಸೂತಕವೆಲ್ಲಾ ಅವನ ಗಂಟಿಗೆ. ಆ ಗಂಟು ಹೊತ್ತ ಕತ್ತೆಯನ್ನು ನೋಡಿ ನಗುವುದು ಊರಿನವರ ಪಾಲಿಗೆ.

ಒಗೆಯುವ ವಿದ್ಯೆ ಸಣ್ಣದಲ್ಲ. ಕೆರೆಯ ಮಗ್ಗುಲಲ್ಲಿ ಬೆಳ್ಳಗೆ ಉಪ್ಪು ಹೂತ ಜಾಗದಿಂದ ಸವುಳು ಮಣ್ಣು ಕೆರೆದು ತರಬೇಕು. ಅದರಲ್ಲಿರುವುದು ಸೋಡಾ, ಜಿಡ್ಡನ್ನು ಕಡಿಯುವುದು ಅದೇ. ಮಣ್ಣು ಸಿಗದ ಕಡೆ ಒಲೆ ಬೂದಿಯ ತಿಳಿ. ಬಟ್ಟೆಯನ್ನು ಆ ನೀರಲ್ಲಿ ಅದ್ದಿ ಹಿಂಡಿ, ನೀರು ಕುದಿಯುವ ದೊಡ್ಡ ಹಂಡೆಯ ಬಾಯಿ ಮೇಲೆ ಸುತ್ತಲೂ ಪೇರಿಸಿ, ರಾತ್ರಿಯಿಡೀ ಹಬೆ ಕೊಡಬೇಕು. ಇದಕ್ಕೆ ಉಬ್ಬೆ ಎನ್ನುತ್ತಾರೆ. ಬೆಂಕಿ ಹೆಚ್ಚಾದರೆ ಬಟ್ಟೆ ಸುಡುತ್ತದೆ, ಕಮ್ಮಿಯಾದರೆ ಕೊಳೆ ಬಿಡುವುದಿಲ್ಲ. ಬಟ್ಟೆ ಸುಟ್ಟರೆ ಗೌಡನ ಮನೆಯ ಮುಂದೆ ಕೈಕಟ್ಟಿ ನಿಲ್ಲಬೇಕಾದವನು ಅಗಸ. 1909ರಲ್ಲಿ ಅಚ್ಚಾದ ಎಡ್ಗರ್ ಥರ್ಸ್ಟನ್ನನ ಜಾತಿ ಸಂಪುಟಗಳಲ್ಲಿ ಒಂದು ಮಾತಿದೆ. ಮೈಸೂರು ಸೀಮೆಯ ಅಗಸರು ಈ ಉಬ್ಬೆಯ ಹಂಡೆಗೆ ವರ್ಷಕ್ಕೊಮ್ಮೆ ಪೂಜೆ ಮಾಡಿ ಬಲಿ ಕೊಡುತ್ತಿದ್ದರಂತೆ, ಬಟ್ಟೆ ಸುಡದಿರಲಿ ಎಂದು. ಪರರ ಬಟ್ಟೆ ಸುಡದಿರಲೆಂದು ತನ್ನ ಮನೆಯ ಕೋಳಿ ಕುರಿ ಕೊಡುವವನ ಭಯ ಎಂಥದ್ದಿರಬೇಕು! ಬಿಳಿಯ ಸಾಹೇಬ ಅದನ್ನು ವಿಚಿತ್ರ ಆಚಾರ ಎಂಬಂತೆ ಬರೆದುಕೊಂಡು ಹೋದ.

ಇಂಥ ಅಗಸನೂ ನಮ್ಮ ಕೇರಿಗೆ ಬರುತ್ತಿರಲಿಲ್ಲ.

ಈ ಮಾತನ್ನು ಬರೆಯುವಾಗ ನಮ್ಮ ಕೈ ತಡೆಯುತ್ತದೆ. ಯಾಕೆಂದರೆ ಅಗಸ ನಮ್ಮ ಶತ್ರುವಲ್ಲ. ಅವನೂ ಜಗಲಿಯ ಕೆಳಗೆ ನಿಂತು ರಾಗಿ ಮುದ್ದೆ ಈಸಿಕೊಂಡವನೇ. ಆದರೆ ನಮ್ಮ ಬಟ್ಟೆ ಮುಟ್ಟಿದ ಕೈಯಿಂದ ಊರಿನ ಬಟ್ಟೆ ಮುಟ್ಟಿದರೆ ಅವನ ಆಯ ನಿಲ್ಲುತ್ತಿತ್ತು. ಕ್ಷೌರಿಕನಿಗೂ ಹಾಗೆಯೇ. ಒಬ್ಬ ಬಡವನನ್ನು ಇನ್ನೊಬ್ಬ ಬಡವನ ಮೇಲೆ ಕಾವಲು ಕೂರಿಸುವ ಈ ಉಪಾಯ ಎಷ್ಟು ಗಟ್ಟಿಯಾಗಿತ್ತೆಂದರೆ, ಕಾವಲು ಕೂತವನಿಗೆ ತಾನು ಕೂತಿರುವುದೂ ಗೊತ್ತಾಗುತ್ತಿರಲಿಲ್ಲ. ತಮಿಳುನಾಡಿನಲ್ಲಿ ಇದು ಇನ್ನೂ ಒಂದು ಮೆಟ್ಟಿಲು ಕೆಳಗಿಳಿಯಿತು. ಅಲ್ಲಿ ಅಸ್ಪೃಶ್ಯರ ಬಟ್ಟೆ ಒಗೆಯಲೆಂದೇ ಪುದಿರೈ ವಣ್ಣಾರ್ ಎಂಬ ಬೇರೆ ಜಾತಿ ಇದೆ. ತಿರುನೆಲ್ವೇಲಿ ಕಡೆ ಅವರು ಹಗಲಲ್ಲಿ ಕಣ್ಣಿಗೇ ಬೀಳಬಾರದು, ರಾತ್ರಿ ಒಗೆಯಬೇಕು ಎಂಬ ಕಟ್ಟಳೆ ಇದ್ದದ್ದು 1932ರಲ್ಲಿ ಪತ್ರಿಕೆಗೆ ಬಂತು. ಮುಟ್ಟಬಾರದವರ ಕೆಳಗೆ ನೋಡಬಾರದವರು. ಉತ್ತರಪ್ರದೇಶ, ಬಿಹಾರಗಳಲ್ಲಿ ಧೋಬಿಗಳು ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿದ್ದಾರೆ. ನಮ್ಮ ಕರ್ನಾಟಕದಲ್ಲಿ ಮಡಿವಾಳರು ಹಿಂದುಳಿದ ವರ್ಗದ 2ಎ ಪಟ್ಟಿಯಲ್ಲಿದ್ದಾರೆ, ಪರಿಶಿಷ್ಟರ ಪಟ್ಟಿಗೆ ಸೇರಿಸಿ ಎಂದು ಕೇಳುತ್ತಲೇ ಬಂದಿದ್ದಾರೆ. ಅದೇ ಕೆಲಸ, ಅದೇ ಬಂಡೆ. ಗಡಿ ದಾಟಿದರೆ ಪಟ್ಟಿ ಬೇರೆ.

ಹನ್ನೆರಡನೇ ಶತಮಾನದ ಮಡಿವಾಳ ಮಾಚಿದೇವನನ್ನು ಇಲ್ಲಿ ನೆನೆಯದೆ ಮುಂದೆ ಹೋಗುವಂತಿಲ್ಲ. ದೇವರ ಹಿಪ್ಪರಗಿಯಿಂದ ಕಲ್ಯಾಣಕ್ಕೆ ಬಂದು ಶರಣರ ಬಟ್ಟೆ ಒಗೆದವನು, ಕಲಿದೇವರದೇವ ಎಂಬ ಅಂಕಿತದಲ್ಲಿ ವಚನ ಬರೆದವನು. ದುಡಿಯದೆ ಉಣ್ಣುವವರ ಬಟ್ಟೆಯನ್ನು ಅವನು ಮುಟ್ಟುತ್ತಿರಲಿಲ್ಲ ಎಂಬ ಕಥೆ ಜನರ ಬಾಯಲ್ಲಿದೆ. ಮೈಲಿಗೆಯ ಲೆಕ್ಕವನ್ನೇ ಅವನು ತಿರುಗಿಸಿ ಇಟ್ಟ: ಸೋಮಾರಿಯ ಬಟ್ಟೆಯೇ ಮೈಲಿಗೆ. ಈಗ ಪ್ರತಿ ವರ್ಷ ಫೆಬ್ರವರಿ 1ರಂದು ಸರ್ಕಾರ ಅವನ ಜಯಂತಿ ಮಾಡುತ್ತದೆ. ಫೋಟೋಗೆ ಹಾರ ಹಾಕುವವರ ಅಂಗಿಗಳನ್ನು ನೋಡಿದರೆ, ಇವರಲ್ಲಿ ಎಷ್ಟು ಜನರ ಬಟ್ಟೆಯನ್ನು ಮಾಚಯ್ಯ ಒಗೆಯಲು ಒಪ್ಪುತ್ತಿದ್ದ ಎಂದು ನಮಗೆ ಅನ್ನಿಸುವುದುಂಟು.

ಹಾಗಾದರೆ ನಮ್ಮ ಬಟ್ಟೆ ಒಗೆದವರು ಯಾರು? ಉತ್ತರ ಬಾಬಾಸಾಹೇಬರೇ ಬರೆದಿಟ್ಟಿದ್ದಾರೆ. 'ವೇಟಿಂಗ್ ಫಾರ್ ಎ ವೀಸಾ' ಎಂಬ ಅವರ ಸಣ್ಣ ಆತ್ಮಕಥನದಲ್ಲಿ ಸತಾರದ ಬಾಲ್ಯದ ಮಾತು ಬರುತ್ತದೆ. ಸತಾರದಲ್ಲಿ ಅಗಸರಿಗೆ ಬರ ಇರಲಿಲ್ಲ, ಮಿಲಿಟರಿಯಲ್ಲಿದ್ದ ತಂದೆಯ ಮನೆಯಲ್ಲಿ ಕೂಲಿ ಕೊಡಲು ಕಾಸಿಗೂ ಕೊರತೆ ಇರಲಿಲ್ಲ. ಆದರೂ ಮನೆಯ ಬಟ್ಟೆಯನ್ನು ಅಕ್ಕಂದಿರೇ ಒಗೆಯುತ್ತಿದ್ದರು, ಹುಡುಗರ ತಲೆಗೂದಲನ್ನು ಅಕ್ಕನೇ ಕತ್ತರಿಸುತ್ತಿದ್ದಳು. ಅಸ್ಪೃಶ್ಯರ ಬಟ್ಟೆಯನ್ನು ಯಾವ ಅಗಸನೂ ಮುಟ್ಟುತ್ತಿರಲಿಲ್ಲವಾದ್ದರಿಂದ. ಸಂವಿಧಾನ ಬರೆದವನ ಅಂಗಿಯನ್ನು ಒಗೆದ ಆ ಅಕ್ಕಂದಿರ ಕೈಗಳನ್ನು ನಾವು ಯಾವ ಪಟದಲ್ಲೂ ನೋಡಿಲ್ಲ.

ಅದೇ ಪುಸ್ತಕದಲ್ಲಿ 1901ರ ಒಂದು ಪ್ರಯಾಣ ಇದೆ. ಬೇಸಿಗೆ ರಜೆಗೆ ತಂದೆಯನ್ನು ನೋಡಲು ಮಕ್ಕಳು ಸತಾರದಿಂದ ರೈಲು ಹತ್ತಿದರು. ಹೊಸ ಅಂಗಿ, ಜರಿ ಟೋಪಿ, ರೇಷ್ಮೆ ಅಂಚಿನ ಪಂಚೆ. ರೈಲಿಳಿದಾಗ ಸ್ಟೇಷನ್ ಮಾಸ್ತರ ಇವರನ್ನು ಬ್ರಾಹ್ಮಣರ ಮಕ್ಕಳೇ ಇರಬೇಕೆಂದು ತಿಳಿದು ಮರ್ಯಾದೆಯಿಂದ ವಿಚಾರಿಸಿದ. ಮಹಾರರು ಎಂಬ ಮಾತು ಬಾಯಿಂದ ಬಿದ್ದದ್ದೇ ತಡ ಅವನ ಮುಖ ತಿರುಗಿತು. ಎರಡರಷ್ಟು ಬಾಡಿಗೆ ಕೊಟ್ಟರೂ ಗಾಡಿಯನ್ನು ಮಕ್ಕಳೇ ಹೊಡೆಯಬೇಕಾಯಿತು. ರಾತ್ರಿಯಿಡೀ ಕುಡಿಯಲು ನೀರು ಸಿಗಲಿಲ್ಲ. ಹೊಸ ಅಂಗಿ ಅವರನ್ನು ಕಾಪಾಡಿದ್ದು ಜಾತಿ ಕೇಳುವವರೆಗೆ ಮಾತ್ರ.

ಇದನ್ನು ನಾವು ಯಾಕೆ ಎತ್ತಿ ಹೇಳುತ್ತಿದ್ದೇವೆ ಎಂದರೆ, ನಮ್ಮನ್ನು ಉದ್ಧಾರ ಮಾಡಲು ಬಂದವರೆಲ್ಲಾ ಮೊದಲು ಹೇಳಿದ್ದು ಸ್ನಾನ ಮಾಡಿ, ಬಟ್ಟೆ ಒಗೆದುಕೊಳ್ಳಿ ಎಂದು. ಕುದ್ಮುಲ್ ರಂಗರಾಯರು 1892ರಲ್ಲಿ ಮಂಗಳೂರಿನಲ್ಲಿ ನಮ್ಮ ಮಕ್ಕಳಿಗೆ ಶಾಲೆ ತೆರೆದರು, ಅದಕ್ಕಾಗಿ ತಮ್ಮವರಿಂದಲೇ ಬಹಿಷ್ಕಾರ ಅನುಭವಿಸಿದರು. ಅವರಿಗೆ ನಾವು ಕೈಮುಗಿಯುತ್ತೇವೆ. ಮೈಸೂರು ಸಂಸ್ಥಾನದಲ್ಲಿ 1915ರಲ್ಲಿ ಪಂಚಮರ ಮಕ್ಕಳಿಗೆ ಸರ್ಕಾರಿ ಶಾಲೆಯ ಬಾಗಿಲು ತೆರೆದಾಗ ಸವರ್ಣೀಯರು ತಮ್ಮ ಮಕ್ಕಳನ್ನೇ ಬಿಡಿಸಿಕೊಂಡು ಹೋದ ಕಡೆಗಳಿದ್ದವು. ಮಕ್ಕಳು ಕೊಳಕು ಎಂಬುದು ಕಾರಣ. 1934ರ ಜನವರಿಯಲ್ಲಿ ಗಾಂಧೀಜಿ ಹರಿಜನ ಯಾತ್ರೆಯಲ್ಲಿ ಮೈಸೂರು ಸೀಮೆಗೆ ಬಂದರು. ಅವರ ಯಾತ್ರೆಯ ಉದ್ದಕ್ಕೂ ಶುಚಿತ್ವದ ಉಪದೇಶ ಇದ್ದೇ ಇತ್ತು. ಒಳ್ಳೆಯ ಉಪದೇಶವೇ. ಆದರೆ ಒಗೆಯುವುದಕ್ಕೆ ನೀರೆಲ್ಲಿ? ಕೊಳಕಾಗಿದ್ದೀರಿ, ಅದಕ್ಕೇ ಬಾವಿಗೆ ಬರಬೇಡಿ. ಬಾವಿಗೆ ಬರಲಿಲ್ಲ, ಅದಕ್ಕೇ ಕೊಳಕು. ಈ ಗಾಣದಲ್ಲಿ ನಮ್ಮ ಅಜ್ಜ ಮುತ್ತಜ್ಜಂದಿರು ಸುತ್ತಿದರು.

ನೀರಿನ ವಿಷಯದಲ್ಲಿ ಒಂದು ವಿಪರೀತ ನೋಡಿ. ಕೆರೆಯ ತೂಬು ಎತ್ತಿ ಯಾರ ಗದ್ದೆಗೆ ಎಷ್ಟು ನೀರು ಎಂದು ಬಿಡುತ್ತಿದ್ದ ನೀರಗಂಟಿ ನಮ್ಮ ಸೀಮೆಯಲ್ಲಿ ಹೆಚ್ಚಾಗಿ ನಮ್ಮವನೇ. ನಡುರಾತ್ರಿ ಮಳೆಯಲ್ಲಿ ಏರಿ ಒಡೆಯದಂತೆ ಕಾದವನೂ ಅವನೇ. ಆದರೆ ಅವನ ಹೆಂಡತಿ ಸೀರೆ ಒಗೆಯಬೇಕಾದರೆ ದನ ಮೈ ತೊಳೆಯುವ ಕಡೆಯೋ, ಕೋಡಿ ಹರಿದು ಹೋದ ಮೇಲಿನ ಹಳ್ಳದ ಗುಂಡಿಯೋ. ನಮ್ಮ ಅಜ್ಜಿ ಹೇಳುತ್ತಿದ್ದಳು: "ಮೇಲಿನ ಕಲ್ಲು ಊರೋರ್ದು, ನಡೂ ಕಲ್ಲು ಅಗಸ್ರುದು, ನಮ್ಗೆ ಎಮ್ಮೆ ಕಲ್ಲು ಕಣಪ್ಪ." ಬೇಸಿಗೆಯಲ್ಲಿ ಕೆರೆ ಬತ್ತಿದರೆ ಎಮ್ಮೆ ಕಲ್ಲೂ ಇಲ್ಲ. ಇರುವುದು ಒಂದೇ ಸೀರೆ. ಅರ್ಧ ಉಟ್ಟು ಅರ್ಧ ಒಗೆದು, ಒಗೆದ ಅರ್ಧ ಒಣಗಿದ ಮೇಲೆ ಅದನ್ನು ಉಟ್ಟು ಉಳಿದರ್ಧ ಒಗೆಯುವುದು. ಈ ವಿದ್ಯೆ ಯಾವ ಗೃಹವಿಜ್ಞಾನದ ಪುಸ್ತಕದಲ್ಲೂ ಇಲ್ಲ.

1927ರ ಮಾರ್ಚ್ 20ರಂದು ಮಹಾಡಿನ ಚವದಾರ್ ಕೆರೆಗೆ ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದು ಹೋಗಿ ಬೊಗಸೆ ನೀರು ಕುಡಿದರು. ಮೇಲುಜಾತಿಯವರು ಆ ಕೆರೆಗೆ 108 ಗಡಿಗೆ ಪಂಚಗವ್ಯ ಸುರಿದು ಶುದ್ಧಿ ಮಾಡಿದರು. ಮನುಷ್ಯ ಮುಟ್ಟಿದ ನೀರನ್ನು ಸಗಣಿ ಗಂಜಳದಿಂದ ತೊಳೆದರು! ಕೇಸು ಹತ್ತು ವರ್ಷ ನಡೆದು 1937ರಲ್ಲಿ ಮುಂಬಯಿ ಹೈಕೋರ್ಟಿನಲ್ಲಿ ನಮ್ಮ ಪರ ಆಯಿತು. ಮಹಾಡ್ ಎಂದರೆ ಎಲ್ಲರೂ ಕುಡಿಯುವ ನೀರನ್ನೇ ನೆನೆಯುತ್ತಾರೆ. ಆದರೆ ಅದೇ 1927ರ ಡಿಸೆಂಬರಿನಲ್ಲಿ ಅಲ್ಲೇ ಮತ್ತೆ ಸೇರಿದಾಗ ಅವರು ಹೆಣ್ಣುಮಕ್ಕಳ ಜೊತೆ ಬೇರೆಯಾಗಿ ಮಾತಾಡಿದರು. ಸೀರೆ ಉಡುವ ರೀತಿಯಲ್ಲೇ ಜಾತಿ ಗೊತ್ತಾಗುವ ಹಾಗೆ ಉಡಬೇಡಿ, ಬಟ್ಟೆ ತೇಪೆ ಹಾಕಿದ್ದರೂ ಪರವಾಗಿಲ್ಲ ಒಗೆದಿರಲಿ ಎಂಬ ಅರ್ಥದ ಮಾತು. ಗಾಂಧೀಜಿಯ ಉಪದೇಶಕ್ಕೂ ಇದಕ್ಕೂ ಮಾತು ಒಂದೇ ಥರ ಕೇಳಿಸಬಹುದು. ಆದರೆ ಇದನ್ನು ಹೇಳಿದವನು ಮೊದಲು ಕೆರೆಗೆ ಇಳಿದು ಆಮೇಲೆ ಹೇಳಿದ.

ಸಂವಿಧಾನದ 15ನೇ ವಿಧಿಯಲ್ಲಿ ಬಾವಿ, ಕೆರೆ, ಸ್ನಾನಘಟ್ಟ ಎಂಬ ಮಾತುಗಳು ಅಚ್ಚಾಗಿವೆ. ಇಷ್ಟು ದೊಡ್ಡ ದೇಶದ ಸಂವಿಧಾನದಲ್ಲಿ ಸ್ನಾನಘಟ್ಟ ಯಾಕೆ ಬಂತು ಎಂದು ಕೇಳುವವರು ಎಮ್ಮೆ ಕಲ್ಲನ್ನು ನೋಡಿಲ್ಲ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಹೊಳೆ, ಬಾವಿ, ನಲ್ಲಿಯನ್ನು ತಡೆಯುವುದನ್ನೂ, ಅಸ್ಪೃಶ್ಯರೆಂದು ಸೇವೆ ನಿರಾಕರಿಸುವುದನ್ನೂ ಅಪರಾಧ ಮಾಡಿತು. 1976ರಲ್ಲಿ ಅದನ್ನೇ ಬಿಗಿ ಮಾಡಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಎಂದರು. ಕಾಯಿದೆ ವಿಧಾನಸೌಧದಿಂದ ಸಾಸಲಿಗೆ ಬರುವ ಬಸ್ಸು ಬಹಳ ನಿಧಾನ. ಅದಕ್ಕಿಂತ ಮೊದಲು ಬಂದದ್ದು ಬೋರಿಂಗ್ ಲಾರಿ.

ನಜೀರ್ ಸಾಬರನ್ನು ನಮ್ಮ ಅಪ್ಪ ಅಮ್ಮನ ಕಾಲದವರು ಮರೆತಿಲ್ಲ. ಅಬ್ದುಲ್ ನಜೀರ್ ಸಾಬ್, 1983ರ ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಪಂಚಾಯತ್ ರಾಜ್ ಮತ್ತು ಗ್ರಾಮೀಣಾಭಿವೃದ್ಧಿ ಮಂತ್ರಿ. ಬರದ ವರ್ಷಗಳಲ್ಲಿ ಹಳ್ಳಿಹಳ್ಳಿಗೆ ಬೋರು ಕೊರೆಸಿ ಜನರ ಬಾಯಲ್ಲಿ 'ನೀರ್ ಸಾಬ್' ಆದರು. 1988ರಲ್ಲಿ ತೀರಿಕೊಂಡರು. ಆ ಕಾಲಕ್ಕೆ ಇಂಡಿಯಾ ಮಾರ್ಕ್ 2 ಎಂಬ ಕೈಪಂಪು ಸಿದ್ಧವಾಗಿತ್ತು. 1970ರ ದಶಕದಲ್ಲಿ ಯುನಿಸೆಫ್ ನೆರವಿನಿಂದ ನಮ್ಮ ದೇಶದಲ್ಲೇ ರೂಪಿಸಿದ್ದು, ಬೇಗ ಕೆಡುವುದಿಲ್ಲ, ಕೆಟ್ಟರೆ ರಿಪೇರಿ ಆಗುತ್ತದೆ. ಆ ಪಂಪು ಕೇರಿಯೊಳಗೇ ನಿಂತಿತು. ಅದನ್ನು ಒತ್ತಲು ಯಾವ ಗೌಡರ ಅಪ್ಪಣೆಯೂ ಬೇಕಿರಲಿಲ್ಲ. ಊರಿನ ಬಾವಿಗೆ ನಮ್ಮನ್ನು ಬಿಡಲಿಲ್ಲ, ಆದ್ದರಿಂದ ನಮಗೇ ಬೇರೆ ನೀರು ಕೊಟ್ಟು ಜಗಳ ತಪ್ಪಿಸಿದರು ಎಂದು ಟೀಕೆ ಮಾಡುವವರಿದ್ದಾರೆ. ಸರಿಯಾದ ಟೀಕೆಯೇ. ಆದರೆ ಟೀಕೆ ಮಾಡುವವರು ಒಂದು ಸಲ ನಮ್ಮ ಅಮ್ಮನನ್ನೂ ಕೇಳಲಿ.

ಆ ಬೋರಿನ ನೀರು ಗಡಸು ನೀರು. ನೆಲದಾಳದ ಸುಣ್ಣದ ಅಂಶ ಕರಗಿರುವುದರಿಂದ ಬಾರ್ ಸೋಪು ಅದರಲ್ಲಿ ನೊರೆ ಬರುವುದಿಲ್ಲ, ಮೊಸರಿನಂತೆ ಒಡೆದು ಬಟ್ಟೆಗೆ ಅಂಟುತ್ತದೆ. ಪುಡಿ ಸೋಪಿಗೆ ಆ ತೊಂದರೆ ಕಮ್ಮಿ. 1959ರಲ್ಲೇ ಸರ್ಫ್ ಬಂದಿತ್ತಾದರೂ ಅದು ಆಫೀಸರ ಮನೆಯ ಸಾಮಾನು. 1969ರಲ್ಲಿ ಗುಜರಾತಿನ ಕರ್ಸನ್‌ಭಾಯ್ ಪಟೇಲ್ ಹಿತ್ತಲಲ್ಲಿ ಕಲಸಿ ಸೈಕಲ್ಲಿನಲ್ಲಿ ಮಾರಿದ ನಿರ್ಮಾ ಪುಡಿ ತೀರಾ ಅಗ್ಗ. ಅದು ನಮ್ಮ ಸಂತೆಗಳಿಗೂ ಬಂತು. ಕೂಲಿ ಹೆಂಗಸರ ಕೈಸುಟ್ಟು ಚರ್ಮ ಸುಲಿಯುತ್ತಿತ್ತು, ಆದರೂ ಕೊಂಡರು. ಮಗನ ಸ್ಕೂಲ್ ಅಂಗಿ ಬೆಳ್ಳಗಾಗಬೇಕಿತ್ತು. ಮೈಸೂರು ಸರ್ಕಾರ 1918ರಿಂದಲೇ ಗಂಧದ ಸೋಪು ಮಾಡಿತು, ಪ್ರಪಂಚವೆಲ್ಲಾ ಹೆಸರಾಯಿತು. ಅದು ನಮ್ಮ ಕೇರಿಗೆ ಬಂದದ್ದು ಮದುವೆ ಉಡುಗೊರೆಯಾಗಿ, ಟ್ರಂಕಿನಲ್ಲಿ ಸೀರೆ ನಡುವೆ ವಾಸನೆಗೆ ಇಡಲು.

ಆಮೇಲೆ ಹಾಸ್ಟೆಲ್ಲು. ಸಿದ್ದಲಿಂಗಯ್ಯನವರ 'ಊರುಕೇರಿ' ಓದಿದವರಿಗೆ ಹಾಸ್ಟೆಲ್ ಎಂದರೆ ಏನು ಎಂದು ಗೊತ್ತು. ದಲಿತ ಚಳವಳಿಯ ಎಷ್ಟೋ ಹಾಡು ಹುಟ್ಟಿದ್ದು ಅಂಥ ಕಡೆ. ನಾವು ಇದ್ದ ಹಾಸ್ಟೆಲ್ಲಿನಲ್ಲಿ ಭಾನುವಾರ ಬೆಳಿಗ್ಗೆ ಎರಡು ನಲ್ಲಿ, ಎಪ್ಪತ್ತು ಹುಡುಗರು, ಒಂದೇ ಒಗೆಯುವ ಕಲ್ಲು. ನಾಲ್ಕು ಗಂಟೆಗೇ ಎದ್ದು ಬಕೆಟ್ಟು ಸಾಲಿಡುತ್ತಿದ್ದೆವು. ಅಲ್ಲಿ ಒಗೆಯುವಾಗ ಯಾರ ಬಟ್ಟೆ ಯಾರ ಬಕೆಟ್ಟಿಗೆ ಹೋಗುತ್ತಿತ್ತೋ, ಹೊಲೆಯನದೋ ಮಾದಿಗನದೋ ಬೋವಿಯದೋ ಕೇಳಿದವರಿಲ್ಲ. ಒಂದು ಒಳ್ಳೇ ಪ್ಯಾಂಟು ಇಂಟರ್‌ವ್ಯೂಗೆ ನಾಲ್ಕು ಜನರನ್ನು ಸುತ್ತಿ ಬರುತ್ತಿತ್ತು. ನಮ್ಮೊಳಗೇ ಇರುವ ಎಡ ಬಲದ ಜಗಳವನ್ನು ಈಗ ನೋಡುವಾಗ ಆ ಪ್ಯಾಂಟು ನೆನಪಾಗುತ್ತದೆ.

ರೂಮಿನ ಕಥೆಗೆ ಬರೋಣ. 1917ರಲ್ಲಿ ಕೊಲಂಬಿಯಾ ಮುಗಿಸಿ, ಲಂಡನ್ನಿನ ಓದನ್ನು ಅರ್ಧಕ್ಕೆ ನಿಲ್ಲಿಸಿ ಬಂದು ಬರೋಡಾದಲ್ಲಿ ಕೆಲಸಕ್ಕೆ ಹೋದ ಅಂಬೇಡ್ಕರರಿಗೆ ಮಲಗಲು ಜಾಗ ಸಿಗಲಿಲ್ಲ. ಪಾರ್ಸಿ ಛತ್ರದಲ್ಲಿ ಪಾರ್ಸಿ ಹೆಸರು ಹೇಳಿ ಇದ್ದರು. ಹನ್ನೊಂದನೇ ದಿನ ದೊಣ್ಣೆ ಹಿಡಿದು ಬಂದವರು ಹೊರಗೆ ಹಾಕಿದರು. ಸಾಮಾನಿನೊಂದಿಗೆ ಒಂದು ಪಾರ್ಕಿನಲ್ಲಿ ಕೂತು ರಾತ್ರಿ ರೈಲಿಗೆ ಕಾದರು. ಅದಾಗಿ ನೂರು ವರ್ಷ ದಾಟಿದೆ. ನಾವು ರೂಮು ಹುಡುಕಿದಾಗ ದೊಣ್ಣೆ ಹಿಡಿದು ಯಾರೂ ಬರಲಿಲ್ಲ. "ಯಾವೂರಪ್ಪ?" ಎಂದರು. ಸಾಸಲು ಎಂದೆವು. "ಸಾಸಲಲ್ಲಿ ಯಾರ ಪೈಕಿ?" ಎಂದರು. ಹೇಳಿದೆವು. "ನಮ್ದೇನಿಲ್ಲಪ್ಪ, ಮನೇಲಿ ಹೆಂಗಸ್ರು ಒಪ್ಪಲ್ಲ" ಎಂದರು. ಮೂರು ಮನೆಯಲ್ಲೂ ಇದೇ ಮಾತು, ಮೂರು ಮನೆಯಲ್ಲೂ ಹೆಂಗಸರು ಕಣ್ಣಿಗೆ ಬೀಳಲಿಲ್ಲ. ನಾಲ್ಕನೆಯವರು ಕೇಳಲಿಲ್ಲ, ಅಡ್ವಾನ್ಸ್ ಎಣಿಸಿಕೊಂಡರು. ಆಮೇಲೆ ತಾರಸಿಯಲ್ಲಿ ಬಟ್ಟೆ ಒಣಗಿಸುವ ತಂತಿಗಳಲ್ಲಿ ನಮ್ಮ ತಂತಿ ಬೇರೆಯಾಯಿತು. ಯಾರೂ ಏನೂ ಹೇಳಲಿಲ್ಲ. ನೀರಿನ ಟ್ಯಾಂಕಿನ ಹಿಂದೆ, ಬಿಸಿಲು ಮಧ್ಯಾಹ್ನದ ಮೇಲೇ ಬೀಳುವ ಕಡೆ, ಒಂದು ಹೊಸ ನೈಲಾನ್ ಹಗ್ಗ ಕಟ್ಟಿತ್ತು. "ನಿಮ್ಗೇ ಅಂತ ಬೇರೆ ಮಾಡಿದೀವಿ, ಅನುಕೂಲ ಆಗ್ಲಿ" ಎಂದರು. ನಾವು ಮುಂದಿನ ಭಾನುವಾರ ಹಳೇ ತಂತಿಯ ಮೇಲೇ ಬಟ್ಟೆ ಹರವಿದೆವು. ಸಂಜೆ ಹೋಗಿ ನೋಡಿದರೆ ಪಕ್ಕದ ಬಟ್ಟೆಗಳೆಲ್ಲಾ ಒಂದು ಮೊಳ ಸರಿದಿದ್ದವು. ಈಗಲೂ ಅಲ್ಲೇ ಹರವುತ್ತೇವೆ. ಒಂದೊಂದು ವಾರ ಮೊಳ ಅರ್ಧವಾಗುತ್ತದೆ, ಒಂದೊಂದು ವಾರ ಒಂದೂವರೆ.

ಇಷ್ಟೆಲ್ಲಾ ಬರೆದು ನಮ್ಮ ತಪ್ಪು ಬರೆಯದಿದ್ದರೆ ಆಗದು. ರೂಮು ಸಿಕ್ಕಿದ ಮೊದಲ ಒಂದು ವರ್ಷ ನಾವು ಬಟ್ಟೆ ಒಗೆಯಲಿಲ್ಲ. ಶನಿವಾರ ಸಂಜೆ ಬ್ಯಾಗು ತುಂಬಿಕೊಂಡು ಸಾಸಲು ಬಸ್ಸು ಹತ್ತುತ್ತಿದ್ದೆವು. ಭಾನುವಾರ ಅಮ್ಮ ಒಗೆದು, ಒಣಗಿಸಿ, ಮಡಚಿ ಕೊಡುತ್ತಿದ್ದಳು. ವಾರವೆಲ್ಲಾ ಕೂಲಿ ಮಾಡಿದ ಕೈ ಅದು. ಅಮ್ಮ ಹಿತ್ತಲಲ್ಲಿ ನಮ್ಮ ಅಂಗಿ ಉಜ್ಜುತ್ತಿರುವಾಗ ನಾವು ಒಳಗೆ ಕೂತು ಶೋಷಣೆಯ ಮೇಲೆ ಪದ್ಯ ಬರೆಯುತ್ತಿದ್ದೆವು. ಒಂದು ದಿನ ಬೆಳಿಗ್ಗೆ ತಂಗಿ ಒಳಗೆ ಬಂದು, "ಅಂಬೇಡ್ಕರ್ ಬಟ್ಟೇನ ಅವ್ರ ಅಕ್ಕಂದ್ರು ಒಗುದ್ರು ಅಂತ ನೀನೇ ಹೇಳಿದ್ದಲ್ಲಣ್ಣ, ಅದ್ಕೇ ನಿನ್ ಬಟ್ಟೇನೂ ನಾವೇ ಒಗೀಬೇಕಾ?" ಎಂದಳು. ಅವಳು ದೊಡ್ಡಬಳ್ಳಾಪುರದ ಗಾರ್ಮೆಂಟ್ ಕೆಲಸದವಳು. ಬೆಳಿಗ್ಗೆ ಬಸ್ಸು ಹತ್ತಿದರೆ ಕತ್ತಲಿಗೆ ಬರುವವಳು. ದಿನವಿಡೀ ಪರದೇಶಕ್ಕೆ ಹೋಗುವ ಅಂಗಿಗಳಿಗೆ ಕಾಲರು ಹಚ್ಚಿ ಬಂದು ಭಾನುವಾರ ನಮ್ಮ ಕಾಲರು ಉಜ್ಜುತ್ತಿದ್ದಳು. ಅಗಸ ನಮ್ಮ ಬಟ್ಟೆ ಮುಟ್ಟಲಿಲ್ಲ ಎಂದು ಬಂಡಾಯದ ಮಾತಾಡುವ ನಾವು, ಮನೆಯಲ್ಲೇ ಸಂಬಳ ಇಲ್ಲದ ಇಬ್ಬರು ಅಗಸಗಿತ್ತಿಯರನ್ನು ಇಟ್ಟುಕೊಂಡಿದ್ದೆವು. ಅವತ್ತಿನಿಂದ ಬ್ಯಾಗು ಹೊರುವುದು ನಿಂತಿತು.

ಹೋದ ವರ್ಷ ಅಮ್ಮ ಮೊದಲ ಸಲ ರೂಮಿಗೆ ಬಂದಳು. ಲಿಫ್ಟು ಹತ್ತಲು ಒಪ್ಪದೆ ಮೂರು ಮಹಡಿ ಹತ್ತಿದಳು. ಬಚ್ಚಲಿನಲ್ಲಿ ನಲ್ಲಿ ತಿರುಗಿಸಿ ನೋಡಿ, "ಇದ್ಕೆ ಯಾರ್ನ ಕೇಳ್ಬೇಕು?" ಎಂದಳು. ಯಾರನ್ನೂ ಕೇಳಬೇಕಾಗಿಲ್ಲ ಎಂದೆವು. "ಎಲ್ಲಿಂದ ಬತ್ತದೆ?" ಎಂದಳು. ಅದಕ್ಕೆ ಉತ್ತರ ಸುಲಭವಿರಲಿಲ್ಲ. ನಂದಿಯಲ್ಲಿ ಹುಟ್ಟಿ ಈ ಊರಿನ ಮೇಲೇ ಹಾಯುವ ಅರ್ಕಾವತಿಗೆ ಹೆಸರಘಟ್ಟದಲ್ಲಿ ಕಟ್ಟೆ ಕಟ್ಟಿ 1896ರಲ್ಲಿ ಬೆಂಗಳೂರಿಗೆ ನೀರು ಒಯ್ದರು, 1933ರಲ್ಲಿ ತಿಪ್ಪಗೊಂಡನಹಳ್ಳಿಯಲ್ಲಿ ಇನ್ನೊಂದು ಕಟ್ಟೆ. ಈಗ ಹೊಳೆಯೇ ಬತ್ತಿದೆ. ಊರಿನ ಚರಂಡಿ, ಕಾರ್ಖಾನೆಗಳ ಕೊಳೆ ದೊಡ್ಡತುಮಕೂರಿನ ಕೆರೆ ಸೇರಿ, ಅಲ್ಲಿಯ ಜನ ಧರಣಿ ಕೂತಿದ್ದಾರೆ. ನಾವು ಭಾನುವಾರ ಬಚ್ಚಲಿಗೆ ಬಿಡುವ ಸೋಪಿನ ನೊರೆಯೂ ಅತ್ತಲೇ ಹೋಗುತ್ತದೋ ಏನೋ. ನಮ್ಮ ಅಪಾರ್ಟ್‌ಮೆಂಟಿಗೆ ಟ್ಯಾಂಕರಿನಲ್ಲಿ ಬರುವ ನೀರು ಯಾರದೋ ತೋಟದ ಸಾವಿರ ಅಡಿ ಬೋರಿನದು. ಅಮ್ಮನಿಗೆ ಇಷ್ಟು ಹೇಳದೆ, ಬೋರು ಎಂದಷ್ಟೇ ಹೇಳಿದೆವು. ಅವಳು ಸೆರಗು ಸಿಕ್ಕಿಸಿ ನಮ್ಮ ಬಕೆಟ್ಟಿಗೆ ಕೈ ಹಾಕಿದಳು. ನಾವು ಬೇಡ ಎಂದೆವು. "ಏ ಬಿಡಪ್ಪ, ಇಷ್ಟು ನೀರು ಕಂಡ್ಮೇಲೆ ಕೈ ಸುಮ್ಕಿರ್ತದಾ" ಎಂದಳು. ಕೊನೆಗೆ ಇಬ್ಬರೂ ಸೇರಿ ದುಪ್ಪಟಿ ಹಿಂಡಿದೆವು, ಅವಳೊಂದು ತುದಿ ನಾವೊಂದು ತುದಿ.

ಒಗೆದ ಅಂಗಿಗಳನ್ನು ಸಂಜೆ ಕೆಳಗೆ ಇಸ್ತ್ರಿ ಗಾಡಿಗೆ ಕೊಡುತ್ತೇವೆ. ಗಾಡಿಯ ಅಣ್ಣ ಮಡಿವಾಳರವನು, ತಿಪಟೂರು ಕಡೆಯವನು. ಇದ್ದಿಲ ಪೆಟ್ಟಿಗೆಗೆ ಬೂದಿ ಊದುತ್ತಾ ಎಲ್ಲಾ ವಿಷಯ ಮಾತಾಡುತ್ತಾನೆ. ಒಂದು ಸಂಜೆ ಅವನೂ ಕೇಳಿದ, "ಸಾಸಲಲ್ಲಿ ಯಾವ ಕೇರಿ ಸಾರ್?" ನಾವು ಹೇಳಿದೆವು. ಅವನ ಕೈ ಅಂಗಿಯ ತೋಳಿನ ಮೇಲೆ ಒಂದು ಗಳಿಗೆ ನಿಂತಿತು. ಪೆಟ್ಟಿಗೆ ಅಲ್ಲೇ ಇತ್ತು, ಬಟ್ಟೆ ಸುಟ್ಟೀತು ಎಂದು ನಾವೇ "ಅಣ್ಣಾ" ಎಂದೆವು. ಅವನು ಪೆಟ್ಟಿಗೆ ಎತ್ತಿ, "ನಮ್ತಾತ ಇದ್ದಿದ್ರೆ ನನ್ನ ಮನೆಗೇ ಸೇರಿಸ್ತಿರ್ಲಿಲ್ಲ" ಎಂದು ನಕ್ಕ. ನಮ್ಮ ಅಜ್ಜಿ ಇದ್ದಿದ್ದರೂ ನಂಬುತ್ತಿರಲಿಲ್ಲ ಎಂದೆವು ನಾವು. ಅವನು ಅಂಗಿ ತಿರುವಿ ಹಾಕಿ ನೀರು ಚಿಮುಕಿಸಿದ. ನಾಳೆ ಏಳು ಗಂಟೆ ಒಳಗೆ ಬಂದು ತಗೊಂಡು ಹೋಗಿ, ಆಮೇಲೆ ಗಾಡಿ ಇರಲ್ಲ, ಮಗಳ ಕಾಲೇಜು ಸೇರಿಸಕ್ಕೆ ಹೋಗ್ಬೇಕು ಎಂದ.